ಬಕೆಟ್ ಬಾಲ್ ಪಕ್ಕಕ್ಕಿಡಿ: ಚಿಪ್ಪಿಂಗ್ ಕಲಿಸುವ ಕೆಲವು ಆಟಗಳು

ಪ್ರಶ್ನೆ: ನಾನು ಮೈಸೂರಿನವನು, ವಯಸ್ಸು 43. ಗಾಲ್ಫ್ ಶುರು ಮಾಡಿ ಎರಡು ವರ್ಷ ಆಯಿತು. ದೂರದ ಹೊಡೆತಗಳು ಪರವಾಗಿಲ್ಲ. ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ಹತ್ತಿರ ಬಂದ ಮೇಲೆ ಎಲ್ಲ ಹಾಳಾಗುತ್ತದೆ. ಒಂದು ಚಿಪ್, ಅಂದರೆ ಗ್ರೀನ್ ಹೊರಗಿನಿಂದ ಹೋಲ್ ಕಡೆಗೆ ಹೊಡೆಯುವ ಸಣ್ಣ ಹೊಡೆತ, ಕಾಲ ಬಳಿಯೇ ಉಳಿಯುತ್ತದೆ, ಮುಂದಿನದು ಗ್ರೀನ್ ದಾಟಿ ಆಚೆಯ ಬಂಕರ್‌ಗೆ (ಮರಳಿನ ಗುಂಡಿಗೆ) ಹೋಗುತ್ತದೆ. ಅಭ್ಯಾಸ ಮಾಡುವುದಿಲ್ಲ ಅಂತಲ್ಲ. ಪ್ರತಿ ಶನಿವಾರ ಒಂದು ಬಕೆಟ್ ಬಾಲ್ ಇಟ್ಟುಕೊಂಡು ಚಿಪ್ ಮಾಡುತ್ತೇನೆ, ಕೊನೆಯ ಹೊತ್ತಿಗೆ ಚೆನ್ನಾಗಿಯೇ ಬೀಳುತ್ತಿರುತ್ತವೆ. ಭಾನುವಾರ ಆಡುವಾಗ ಮತ್ತೆ ಅದೇ ಕಥೆ. ಜೊತೆಗೆ ಬರುವ 11 ವರ್ಷದ ಮಗಳಿಗಂತೂ ಹತ್ತೇ ನಿಮಿಷಕ್ಕೆ ಬೇಜಾರು. ಆಟದ ರೂಪದಲ್ಲಿ ಅಭ್ಯಾಸ ಮಾಡಿ ಅನ್ನುತ್ತಾರಲ್ಲ, ನಿಜಕ್ಕೂ ಉಪಯೋಗ ಇದೆಯಾ? ಯಾವ ಆಟ, ಹೇಗೆ? ನಮ್ಮದು ಅಪಾರ್ಟ್‌ಮೆಂಟ್, ಮನೆಯಲ್ಲೇ ಏನಾದರೂ ಮಾಡಬಹುದಾ? 60 ಡಿಗ್ರಿ ವೆಜ್ (ಮುಖ ಬಹಳ ಓರೆಯಾಗಿರುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಕೊಳ್ಳಲು ಗೆಳೆಯರು ಹೇಳುತ್ತಿದ್ದಾರೆ, ತೆಗೆದುಕೊಳ್ಳಲಾ?

ಉತ್ತರ: ಉಪಯೋಗ ಖಂಡಿತ ಇದೆ. ಯಾಕೆ ಅನ್ನುವುದು ನಿಮ್ಮ ಪ್ರಶ್ನೆಯಲ್ಲೇ ಇದೆ ನೋಡಿ. "ಕೊನೆಯ ಹೊತ್ತಿಗೆ ಚೆನ್ನಾಗಿಯೇ ಬೀಳುತ್ತಿರುತ್ತವೆ" ಅಂದಿದ್ದೀರಿ. ಒಂದೇ ಜಾಗ, ಒಂದೇ ವೆಜ್, ಒಂದೇ ಹೋಲ್. ಹಾಗೆ ಐವತ್ತು ಬಾಲ್ ಹೊಡೆದರೆ ಯಾರಿಗಾದರೂ ಕೈ ಕೂರುತ್ತದೆ. ಹಿಂದಿನ ಬಾಲ್ ಸ್ವಲ್ಪ ಮುಂದೆ ಹೋಯಿತು, ಈ ಸಲ ಸ್ವಲ್ಪ ಮೆತ್ತಗೆ, ಅಷ್ಟೇ. ಕೋರ್ಸ್‌ನಲ್ಲಿ ಈ 'ಹಿಂದಿನ ಬಾಲ್' ಇರುವುದೇ ಇಲ್ಲ. ಕಾಲು ಗಂಟೆಯ ಹಿಂದೆ ಇನ್ನೊಂದು ಗ್ರೀನ್ ಹತ್ತಿರ, ಬೇರೆ ಹುಲ್ಲಿನ ಮೇಲೆ, ಬೇರೆ ಇಳಿಜಾರಿನಲ್ಲಿ ಒಂದು ಚಿಪ್ ಹೊಡೆದಿರುತ್ತೀರಿ. ಇಲ್ಲಿ ಸಿಗುವುದು ಒಂದೇ ಒಂದು ಅವಕಾಶ. ಶನಿವಾರ ನೀವು ಹಿಂದಿನ ಹೊಡೆತವನ್ನು ತಿದ್ದುವುದನ್ನು ಕಲಿಯುತ್ತಿದ್ದೀರಿ. ಭಾನುವಾರ ಬೇಕಾಗುವುದು ಮೊದಲ ಸಲಕ್ಕೇ ಅಂದಾಜು ಕಟ್ಟುವ ಕಲೆ. ಎರಡೂ ಬೇರೆ ಬೇರೆ ಕೆಲಸ.

ಇದು ಕೋಚ್‌ಗಳ ಬಾಯಿಮಾತು ಮಾತ್ರ ಅಂದುಕೊಳ್ಳಬೇಡಿ. 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಇಬ್ಬರು ಸಂಶೋಧಕರು ಎಂಟು ವರ್ಷದ ಮಕ್ಕಳ ಕೈಗೆ ಪುಟ್ಟ ಚೀಲಗಳನ್ನು ಕೊಟ್ಟು ನೆಲದ ಮೇಲಿನ ಗುರಿಗೆ ಎಸೆಯಲು ಹೇಳಿದರು. ಒಂದು ಗುಂಪು ಯಾವಾಗಲೂ 3 ಅಡಿ ದೂರಕ್ಕೇ ಎಸೆಯಿತು. ಇನ್ನೊಂದು ಗುಂಪು 2 ಅಡಿ ಮತ್ತು 4 ಅಡಿ ದೂರಗಳಿಗೆ ಎಸೆಯಿತು, 3 ಅಡಿಗೆ ಎಸೆಯಲೇ ಇಲ್ಲ. ವಾರಗಟ್ಟಲೆ ಅಭ್ಯಾಸ ಆದ ಮೇಲೆ ಎರಡೂ ಗುಂಪಿಗೆ 3 ಅಡಿಯ ಪರೀಕ್ಷೆ ಇಟ್ಟರು. ಚೆನ್ನಾಗಿ ಎಸೆದದ್ದು ಎರಡನೇ ಗುಂಪು! ಆ ದೂರವನ್ನೇ ಅಭ್ಯಾಸ ಮಾಡಿದವರು ಹಿಂದೆ ಬಿದ್ದರು. ದೂರ ಬದಲಾಗುತ್ತಾ ಇದ್ದರೆ ಕೈ 'ಎಷ್ಟು' ಅನ್ನುವುದನ್ನು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕವೇ ಚಿಪ್ಪಿಂಗ್.

ಹಾಗಾಗಿ ಆಟ ಅಂದರೆ ಬರೀ ಮಜಾ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಚಿಪ್ಪಿಂಗ್ ಆಟದಲ್ಲಿ ಮೂರು ವಿಷಯ ಇರಬೇಕು. ಜಾಗವೋ ದೂರವೋ ಕ್ಲಬ್ಬೋ ಬದಲಾಗುತ್ತಿರಬೇಕು, ಒಂದು ಸಲಕ್ಕೆ ಒಂದೇ ಬಾಲ್ ಇರಬೇಕು, ಹೊಡೆದದ್ದಕ್ಕೆ ಅಂಕ ಬೀಳಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಮತ್ತೆ ಬಕೆಟ್ ಖಾಲಿ ಮಾಡುವ ಕೆಲಸವೇ. ತಲೆಕೆಳಗಾದ ಕೊಡೆಗೆ ಬಾಲ್ ಹಾಕುವುದು, ಬಕೆಟ್‌ಗೆ ಬಾಲ್ ಹಾಕುವುದು ಅಂತ ವಿಡಿಯೊಗಳಲ್ಲಿ ತೋರಿಸುತ್ತಾರಲ್ಲ, ಅವೂ ಅಷ್ಟೇ. ಒಂದೇ ಕಡೆ ನಿಂತು ಇಪ್ಪತ್ತು ಸಲ ಹಾಕಿದರೆ ಏನೂ ಪ್ರಯೋಜನ ಇಲ್ಲ. ಪ್ರತಿ ಬಾಲ್‌ಗೂ ಎರಡು ಹೆಜ್ಜೆ ಜಾಗ ಬದಲಾಯಿಸಿದರೆ ಅದೇ ಕೊಡೆ ಪಾಠ ಕಲಿಸುತ್ತದೆ.

ಆಟಕ್ಕೆ ಹೋಗುವ ಮೊದಲು ಒಂದು ಮಾತು. ಒಂದು ಚಿಪ್ ಕಾಲ ಬಳಿ ಉಳಿಯುವುದು, ಇನ್ನೊಂದು ಗ್ರೀನ್ ದಾಟುವುದು ಎರಡು ಬೇರೆ ರೋಗ ಅಂತ ಕಾಣುತ್ತದೆ. ಸಾಮಾನ್ಯವಾಗಿ ಒಂದೇ. ಕ್ಲಬ್ ನೆಲ ಮುಟ್ಟುವ ಜಾಗ ಬಾಲ್‌ಗಿಂತ ಹಿಂದೆ ಇದೆ. ಹಿಂದೆ ನೆಲಕ್ಕೆ ಹೊಕ್ಕರೆ ಫ್ಯಾಟ್, ಹಿಂದೆ ನೆಲ ಸವರಿ ಮೇಲೇಳುತ್ತಾ ಬಾಲ್‌ನ ನಡುವಿಗೆ ತಾಗಿದರೆ ಥಿನ್. ಬಾಲನ್ನು ಕೈಯಿಂದ ಎತ್ತಿಕೊಡಬೇಕು ಅನ್ನುವ ಆಸೆಯಿಂದ ಮೈಭಾರ ಹಿಂಗಾಲಿಗೆ ಹೋದಾಗ ಹೀಗಾಗುತ್ತದೆ. ಎತ್ತುವ ಕೆಲಸ ವೆಜ್‌ನದು, ಅದರ ಮುಖದಲ್ಲಿ ಅಷ್ಟು ಓರೆ ಇರುವುದೇ ಅದಕ್ಕೆ. ನೀವು ಮುಂಗಾಲಿನ ಮೇಲೆ ಸ್ವಲ್ಪ ಜಾಸ್ತಿ ಭಾರ ಹಾಕಿ, ಕಾಲುಗಳನ್ನು ಹತ್ತಿರ ಇಟ್ಟು, ಎದೆಯನ್ನು ಗುರಿಯ ಕಡೆ ತಿರುಗಿಸುತ್ತಾ ಹೋಗಿ. ಕಡ್ಡಿಪೊರಕೆ ನೆಲ ಸವರಿದ ಹಾಗೆ ಕ್ಲಬ್ ಹುಲ್ಲನ್ನು ಸವರಬೇಕು, ಅಗೆಯಬಾರದು.

ಇದಕ್ಕೂ ಒಂದು ಆಟ ಇದೆ. ನಿಮ್ಮ ಅಪಾರ್ಟ್‌ಮೆಂಟ್‌ನ ಹಿಂದಿನ ಹುಲ್ಲಿನ ಮೇಲೆ, ಅಸೋಸಿಯೇಷನ್‌ನವರು ಒಪ್ಪಿದರೆ, ರಂಗೋಲಿ ಪುಡಿಯಿಂದ ಒಂದು ಗೆರೆ ಎಳೆಯಿರಿ. ಗಾಲ್ಫ್ ಕ್ಲಬ್‌ನವರ ಗ್ರೀನ್ ಮೇಲೆ ಮಾತ್ರ ಬೇಡ, ಮಾಲಿಗಳು ಸುಮ್ಮನೆ ಬಿಡುವುದಿಲ್ಲ. ಬಾಲ್ ಇಲ್ಲದೆ ಗೆರೆಯ ಮೇಲೆ ಚಿಪ್ ಆಡಿ. ಕ್ಲಬ್ ಗೆರೆಯ ಮೇಲೆ ಅಥವಾ ಗೆರೆಯ ಮುಂದೆ ನೆಲ ಸವರಿದರೆ ಒಂದು ಅಂಕ, ಹಿಂದೆ ಸವರಿದರೆ ಸೊನ್ನೆಗೆ ವಾಪಸ್. ಬಿಳಿ ಪುಡಿ ಸಾಕ್ಷಿ ಇರುತ್ತದೆ, ವಾದ ಮಾಡುವ ಹಾಗಿಲ್ಲ. ಸತತವಾಗಿ ಹತ್ತು ಅಂಕ ಆದ ಮೇಲೆ ಬಾಲ್ ಹತ್ತಿರ ಹೋಗಿ. ಮೊದಲ ದಿನ ಇದು ನೀವಂದುಕೊಂಡದ್ದಕ್ಕಿಂತ ಕಷ್ಟ ಅನ್ನಿಸುತ್ತದೆ.

ಈಗ ನಿಜವಾದ ವಿಷಯಕ್ಕೆ ಬರೋಣ. ಹೊಸದಾಗಿ ಚಿಪ್ ಮಾಡುವವರೆಲ್ಲ ಹೋಲನ್ನೇ ನೋಡುತ್ತಾರೆ. ಚಿಪ್‌ನಲ್ಲಿ ನೋಡಬೇಕಾದ್ದು ಬಾಲ್ ಮೊದಲು ಬೀಳುವ ಜಾಗವನ್ನು. ಅಲ್ಲಿಂದ ಮುಂದೆ ಅದು ಪಟ್ (ಗ್ರೀನ್ ಮೇಲೆ ಬಾಲನ್ನು ಉರುಳಿಸುವ ಹೊಡೆತ) ಇದ್ದ ಹಾಗೆ ಉರುಳಿಕೊಂಡು ಹೋಗುತ್ತದೆ. ಹಳೆಯ ಕೋಚ್‌ಗಳು ಹೇಳಿಕೊಡುವ ಹನ್ನೆರಡರ ಲೆಕ್ಕ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ನಿಮ್ಮ ಬಾಲ್ ಗ್ರೀನ್ ಅಂಚಿನಿಂದ 2 ಹೆಜ್ಜೆ ಹೊರಗಿದೆ ಅಂದುಕೊಳ್ಳಿ. ಹೋಲ್ ಅಂಚಿನಿಂದ 10 ಹೆಜ್ಜೆ ಒಳಗಿದೆ. ಬಾಲನ್ನು ಗ್ರೀನ್ ಒಳಗೆ 1 ಹೆಜ್ಜೆಯಲ್ಲಿ ಬೀಳಿಸಬೇಕು. ಅಂದರೆ ಗಾಳಿಯಲ್ಲಿ 3 ಹೆಜ್ಜೆ, ನೆಲದ ಮೇಲೆ 9 ಹೆಜ್ಜೆ. 9ನ್ನು 3ರಿಂದ ಭಾಗಿಸಿದರೆ 3. ಹನ್ನೆರಡರಲ್ಲಿ 3 ಕಳೆಯಿರಿ, 9 ಉಳಿಯಿತು. 9 ನಂಬರ್ ಐರನ್ ತೆಗೆದುಕೊಳ್ಳಿ (ಐರನ್ ಕ್ಲಬ್‌ಗಳಲ್ಲಿ ನಂಬರ್ ಹೆಚ್ಚಿದಷ್ಟೂ ಮುಖದ ಓರೆ ಹೆಚ್ಚು). ಪಿಚಿಂಗ್ ವೆಜ್ ಅನ್ನು 10 ಅಂತ ಎಣಿಸಬೇಕು, ಅದರಲ್ಲಿ ಬಾಲ್ ಹಾರಿದ್ದರ ಎರಡರಷ್ಟು ಉರುಳುತ್ತದೆ. 8 ನಂಬರ್‌ನಲ್ಲಿ ನಾಲ್ಕರಷ್ಟು, 7 ನಂಬರ್‌ನಲ್ಲಿ ಐದರಷ್ಟು. ಸ್ಯಾಂಡ್ ವೆಜ್‌ನಲ್ಲಿ ಹಾರಿದಷ್ಟೇ ಉರುಳುತ್ತದೆ ಅಂತ ಇಟ್ಟುಕೊಳ್ಳಿ.

ಈ ಲೆಕ್ಕ ಸಮತಟ್ಟಾದ, ಮಧ್ಯಮ ವೇಗದ ಗ್ರೀನ್‌ಗೆ. ಏರು ಇದ್ದರೆ ಒಂದು ನಂಬರ್ ಕಡಿಮೆ, ಇಳಿಜಾರು ಇದ್ದರೆ ಒಂದು ಜಾಸ್ತಿ. ಮಳೆಗಾಲದಲ್ಲಿ ಗ್ರೀನ್ ಒದ್ದೆಯಾಗಿದ್ದರೆ ಉರುಳುವುದು ಕಡಿಮೆಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಇಬ್ಬನಿ ಇರುವಾಗಲೂ ಅಷ್ಟೇ, ಬಿಸಿಲು ಏರಿದ ಮೇಲೆ ಅದೇ ಗ್ರೀನ್ ಓಡತೊಡಗುತ್ತದೆ. ಆದ್ದರಿಂದ ಬಾಯಿಪಾಠ ಬೇಡ, ಶುರು ಮಾಡಲು ಒಂದು ಅಂದಾಜು ಅಂತ ಇಟ್ಟುಕೊಂಡರೆ ಸಾಕು.

ಇದನ್ನು ಕೈಗೆ ಕೂರಿಸುವುದು ಟವೆಲ್ ಆಟ. ಒಂದು ಸಣ್ಣ ಕೈ ಟವೆಲ್ ತೆಗೆದುಕೊಳ್ಳಿ. ನಾಲ್ಕಾಗಿ ಮಡಿಸಬೇಡಿ, ಬಿಡಿಸಿಯೇ ಹಾಕಿ. ಗ್ರೀನ್ ಅಂಚಿನಿಂದ ಒಂದು ಹೆಜ್ಜೆ ಒಳಗೆ ಹಾಸಿ. ಮೂರು ಕ್ಲಬ್ ಇಟ್ಟುಕೊಳ್ಳಿ: ಸ್ಯಾಂಡ್ ವೆಜ್, 9 ನಂಬರ್, 7 ನಂಬರ್. ಒಂದೇ ಕ್ಲಬ್ ಅನ್ನು ಸತತವಾಗಿ ಎರಡು ಸಲ ಹಿಡಿಯುವಂತಿಲ್ಲ. ಬಾಲ್ ಮೊದಲು ಟವೆಲ್ ಮೇಲೆ ಬಿದ್ದರೆ ಒಂದು ಅಂಕ. ಟವೆಲ್‌ಗೆ ಬಿದ್ದ ಬಾಲ್ ಸರಿಯಾಗಿ ಉರುಳುವುದಿಲ್ಲ, ಅದು ನಿಂತರೆ ನಿಲ್ಲಲಿ. ಹತ್ತು ಬಾಲ್ ಆದ ಮೇಲೆ ಟವೆಲ್ ತೆಗೆದು, ಅದೇ ಜಾಗಕ್ಕೆ ಕಣ್ಣಂದಾಜಿನಲ್ಲಿ ಬೀಳಿಸಿ, ಪ್ರತಿ ಕ್ಲಬ್‌ನಲ್ಲೂ ಬಾಲ್ ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ನೋಡಿ. ಮೂರು ಕ್ಲಬ್, ಒಂದೇ ಬೀಳುವ ಜಾಗ, ಮೂರು ಬೇರೆ ನಿಲ್ಲುವ ಜಾಗ. ಇದನ್ನು ಕಣ್ಣಾರೆ ನೋಡಿದ ದಿನ ನಿಮಗೆ 60 ಡಿಗ್ರಿ ವೆಜ್ ಮೇಲಿನ ಆಸೆ ಅರ್ಧ ಕಡಿಮೆಯಾಗುತ್ತದೆ.

ಶುರುವಿನಲ್ಲಿ ಒಂದು ವಿಚಿತ್ರ ಗಮನಿಸುತ್ತೀರಿ. ಟವೆಲ್ ಕಣ್ಣೆದುರೇ ಇರುತ್ತದೆ, ಬಾಲ್ ಮಾತ್ರ ಅದರ ಮೇಲೆ ಹಾರಿ ಎರಡು ಹೆಜ್ಜೆ ಮುಂದೆ ಬೀಳುತ್ತದೆ. ಯಾಕೆಂದರೆ ಹೊಡೆಯುವ ಗಳಿಗೆಯಲ್ಲಿ ತಲೆಯೊಳಗೆ ಹೋಲ್ ಇರುತ್ತದೆ. ಆಗ ಕ್ಲಬ್ ಪಕ್ಕಕ್ಕಿಟ್ಟು, ಬಾಲನ್ನು ಕೈಯಲ್ಲಿ ಹಿಡಿದು, ಕೆಳಗಿನಿಂದ ಟವೆಲ್ ಮೇಲೆ ಎಸೆಯಿರಿ. ನಾಲ್ಕೈದು ಸಲ ಎಸೆದು, ಮತ್ತೆ ಕ್ಲಬ್ ಹಿಡಿಯಿರಿ. ನಿಮ್ಮ ಮಗಳು ಇದರಲ್ಲಿ ನಿಮ್ಮನ್ನು ಸೋಲಿಸುವ ಸಾಧ್ಯತೆ ಇದೆ. ಮಕ್ಕಳಿಗೆ ಎಸೆಯುವುದು ಗೊತ್ತು, ಅವರು ತಾಂತ್ರಿಕ ವಿಚಾರಗಳನ್ನು ತಲೆಯಲ್ಲಿ ತುಂಬಿಕೊಂಡಿರುವುದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಆಟ ಪಾರ್ 18. ವಾರಕ್ಕೆ ಒಂದೇ ಆಟ ಆಡಲು ಸಮಯ ಇದ್ದರೆ ಇದನ್ನೇ ಆಡಿ. ಕೈಯಲ್ಲಿ ಒಂದು ಬಾಲ್, ಎರಡು ಮೂರು ಕ್ಲಬ್, ಪಟರ್, ಒಂದು ಚೀಟಿ, ಪೆನ್ಸಿಲ್. ಪ್ರಾಕ್ಟೀಸ್ ಗ್ರೀನ್ ಸುತ್ತ ಒಂಬತ್ತು ಜಾಗ ಆರಿಸಿ. ಮೂರು ಸುಲಭ, ಮೂರು ಮಧ್ಯಮ, ಮೂರು ಕಷ್ಟ. ಪ್ರತಿ ಜಾಗದಿಂದ ಚಿಪ್ ಮಾಡಿ, ಪಟ್ ಮಾಡಿ, ಬಾಲ್ ಹೋಲ್‌ಗೆ ಬೀಳುವವರೆಗೂ ಆಡಬೇಕು. ಒಂದು ಚಿಪ್, ಒಂದು ಪಟ್, ಎರಡು ಹೊಡೆತ, ಅದು ಪಾರ್, ಅಂದರೆ ಆಗಬೇಕಾದ ಲೆಕ್ಕ. ಒಂಬತ್ತಕ್ಕೆ ಹದಿನೆಂಟು. ಕೊಟ್ಟುಬಿಡುವ ಪಟ್ ಇಲ್ಲ. ಒಂದಡಿ ಇದ್ದರೂ ಹಾಕಲೇಬೇಕು.

ಜಾಗ ಆರಿಸುವುದರಲ್ಲೇ ಅರ್ಧ ಆಟ ಇದೆ. ಸುಲಭ ಅಂದರೆ ಫ್ರಿಂಜ್ (ಗ್ರೀನ್ ಅಂಚಿನ ಪಟ್ಟಿ) ಪಕ್ಕ, ಚೊಕ್ಕ ಹುಲ್ಲು, ಹೋಲ್ ದೂರದಲ್ಲಿ, ಉರುಳಲು ಬೇಕಾದಷ್ಟು ಜಾಗ. ಮಧ್ಯಮ ಅಂದರೆ ಸ್ವಲ್ಪ ರಫ್ (ಉದ್ದ ಹುಲ್ಲು), ಅಥವಾ ಗ್ರೀನ್ ನಿಮ್ಮಿಂದ ಆಚೆಗೆ ಇಳಿಯುತ್ತಿರಬೇಕು. ಕಷ್ಟ ಅಂದರೆ ನಡುವೆ ಬಂಕರ್, ಹೋಲ್ ಹತ್ತಿರದಲ್ಲೇ, ಅಥವಾ ಬಾಲ್ ಬೋಳು ನೆಲದ ಮೇಲೆ. ಬಾಲನ್ನು ಕೈಯಿಂದ ನೆಲದ ಮೇಲೆ ಇಡಬೇಡಿ, ಮೊಣಕಾಲ ಎತ್ತರದಿಂದ ಬೀಳಿಸಿ. ಇಟ್ಟರೆ ಎಲ್ಲರೂ ಹುಲ್ಲಿನ ತುದಿಯ ಮೇಲೆ ಮುದ್ದಾಗಿ ಇಡುತ್ತಾರೆ, ನನಗೆ ಗೊತ್ತು.

ಚೀಟಿಯಲ್ಲಿ ಬರೀ ಹೊಡೆತದ ಸಂಖ್ಯೆ ಬರೆದರೆ ಸಾಲದು. ಪಕ್ಕದಲ್ಲಿ ಚಿಪ್ ಹೋಲ್‌ನಿಂದ ಎಷ್ಟು ಹೆಜ್ಜೆ ದೂರ ನಿಂತಿತು ಅಂತಲೂ ಬರೆಯಿರಿ. ವಾರಾಂತ್ಯದಲ್ಲಿ ಆಡುವವರ ಮೊದಲ ಚೀಟಿ ಸುಮಾರು ಹೀಗಿರುತ್ತದೆ: ಸುಲಭದ ಮೂರಕ್ಕೆ 2, 3, 2. ಮಧ್ಯಮದ ಮೂರಕ್ಕೆ 3, 3, 3. ಕಷ್ಟದ ಮೂರಕ್ಕೆ 3, 4, 3. ಒಟ್ಟು 26. ಇದನ್ನು ನೋಡಿ ಬೇಸರ ಪಡಬೇಡಿ, ಪಕ್ಕದ ಸಾಲು ಓದಿ. ಎರಡನೇ ಜಾಗದಲ್ಲಿ 3 ಬಂತು, ಆದರೆ ಚಿಪ್ ಒಂದೂವರೆ ಹೆಜ್ಜೆಗೆ ನಿಂತಿತ್ತು. ಅಂದರೆ ತಪ್ಪಿದ್ದು ಪಟ್. ಎಂಟನೇ ಜಾಗದಲ್ಲಿ 4 ಬಂತು, ಮೊದಲ ಚಿಪ್ ಗ್ರೀನ್ ಮುಟ್ಟಲೇ ಇಲ್ಲ. ಅದು ಚಿಪ್‌ನ ತಪ್ಪು. 'ನನಗೆ ಚಿಪ್ಪಿಂಗ್ ಬರಲ್ಲ' ಅಂತ ಬರುವವರಲ್ಲಿ ಬಹಳ ಜನರ ಚೀಟಿ ನೋಡಿದರೆ ಸೋರುವುದು ನಾಲ್ಕೈದು ಅಡಿಯ ಪಟ್‌ಗಳಲ್ಲಿ. ಹೋಲ್‌ನ ಅಗಲ 108 ಮಿಲಿಮೀಟರ್ ಮಾತ್ರ, ನಾಲ್ಕಡಿಯಿಂದ ತಪ್ಪಿಸುವುದು ಅಂಥ ಅಪರೂಪದ ವಿಷಯವೇನೂ ಅಲ್ಲ. ಚೀಟಿ ಇಲ್ಲದೆ ಇದು ಗೊತ್ತಾಗುವುದೇ ಇಲ್ಲ, ಸುಮ್ನೆ ವೆಜ್ ಬದಲಾಯಿಸುತ್ತಾ ಕೂರುತ್ತೇವೆ.

ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನಪಿಸಿಕೊಳ್ಳಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಕಂಚಿಗೂ ಅವರಿಗೂ ಒಂದೇ ಹೊಡೆತದ ಅಂತರ. ಆ ವಾರ ಅವರು ಡ್ರೈವರ್‌ನಲ್ಲಿ (ದೂರ ಹೊಡೆಯುವ ಕ್ಲಬ್) ಬಹಳ ಹಿಂದೆ ಇದ್ದರು, ಎದುರಾಳಿಗಳು ಅವರನ್ನು ದಾಟಿ ಎಷ್ಟೋ ಮುಂದೆ ಹೊಡೆಯುತ್ತಿದ್ದರು. ಅಲ್ಲಿಯವರೆಗೂ ಅವರನ್ನು ತಂದಿದ್ದು ಗ್ರೀನ್ ಸುತ್ತಮುತ್ತಲ ಆಟ, ಮುಖ್ಯವಾಗಿ ಪಟ್. ಇನ್ನೂ ಹಿಂದಕ್ಕೆ ಹೋದರೆ ಅಮೆರಿಕದ ಪಾಲ್ ರನ್ಯನ್. 1938ರ ಪಿಜಿಎ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ತನಗಿಂತ ಎಷ್ಟೋ ದೂರ ಹೊಡೆಯುವ ಸ್ಯಾಮ್ ಸ್ನೀಡ್‌ರನ್ನು ಇನ್ನೂ ಏಳು ಹೋಲ್ ಬಾಕಿ ಇರುವಾಗಲೇ ಎಂಟು ಹೋಲ್ ಅಂತರದಿಂದ ಸೋಲಿಸಿಬಿಟ್ಟರು. ದೂರದಲ್ಲಿ ನಾವು ಹಿಂದೆ ಬಿದ್ದರೂ ಇಲ್ಲಿ ಹಿಂದೆ ಬೀಳಬೇಕಾಗಿಲ್ಲ. 43ನೇ ವಯಸ್ಸಿನಲ್ಲಿ ಇದು ಸಣ್ಣ ಸಮಾಧಾನವೇನಲ್ಲ, ಅಲ್ವಾ?

ಇನ್ನು ಮಗಳ ಜೊತೆ ಆಡುವ ಆಟ. ಮೊದಲು ಸುರಕ್ಷತೆ. ಥಿನ್ ಆದ ಚಿಪ್ ನೆಲಮಟ್ಟದಲ್ಲಿ ಗುಂಡಿನ ಥರ ಹೋಗುತ್ತದೆ. ಹೊಡೆಯುವವರ ಮುಂದೆ ಯಾರೂ ಇರಬಾರದು, ಬಾಲ್ ಹೆಕ್ಕಲು ಇಬ್ಬರೂ ಒಟ್ಟಿಗೇ ಹೋಗಬೇಕು. ಇದೊಂದು ವಿಷಯದಲ್ಲಿ ಮಾತ್ರ ಆಟ ಇಲ್ಲ. ಎರಡನೆಯದು, ಅವಳಿಗೆ ನಿಮ್ಮ ಹಳೆಯ ಕ್ಲಬ್ ಕತ್ತರಿಸಿ ಕೊಟ್ಟಿದ್ದರೆ ಒಮ್ಮೆ ಎತ್ತಿ ನೋಡಿ. ಉದ್ದ ಕಡಿಮೆಯಾದರೂ ತಲೆಯ ಭಾರ ಹಾಗೇ ಇರುತ್ತದೆ. ಮಕ್ಕಳ ಅಳತೆಯ ಒಂದು ವೆಜ್, ಒಂದು ಪಟರ್ ಸಿಕ್ಕರೆ ಬೇಜಾರು ಅರ್ಧ ಅಲ್ಲೇ ಹೋಗುತ್ತದೆ.

ಮಕ್ಕಳಿಗೆ ತುಂಬ ಹಿಡಿಸುವುದು ಏಣಿ ಆಟ. ಗ್ರೀನ್ ಮೇಲೆ 5 ಹೆಜ್ಜೆಗೆ ಒಂದು ಟೀ (ಬಾಲ್ ಇಡುವ ಪುಟ್ಟ ಗೂಟ), 15 ಹೆಜ್ಜೆಗೆ ಇನ್ನೊಂದು ಟೀ ಚುಚ್ಚಿ. ಮೊದಲ ಚಿಪ್ ಹತ್ತಿರದ ಟೀ ದಾಟಬೇಕು. ಎರಡನೆಯದು ಮೊದಲ ಬಾಲನ್ನು ದಾಟಿ ನಿಲ್ಲಬೇಕು, ಮೂರನೆಯದು ಎರಡನೆಯದನ್ನು. ಹಿಂದೆ ಉಳಿದರೆ ಔಟ್, ದೂರದ ಟೀ ದಾಟಿದರೂ ಔಟ್. ಎರಡು ಟೀ ನಡುವೆ ಯಾರು ಹೆಚ್ಚು ಬಾಲ್ ಕೂರಿಸುತ್ತಾರೋ ಅವರು ಗೆದ್ದರು. ಜಿಪುಣತನ ಇಲ್ಲಿ ಲಾಭ. ಹಿಂದಿನ ಬಾಲ್‌ಗಿಂತ ಒಂದೇ ಒಂದು ಗೇಣು ಮುಂದೆ ನಿಲ್ಲಿಸಿದರೆ ಇನ್ನಷ್ಟು ಬಾಲ್‌ಗೆ ಜಾಗ ಉಳಿಯುತ್ತದೆ. ತೀರಾ ಜಿಪುಣತನ ಮಾಡಿದರೆ ಔಟ್. ಪ್ರತಿ ಹೊಡೆತಕ್ಕೂ ದೂರ ಬದಲಾಗುತ್ತದೆ, ಅದೂ ಅಳತೆಗೋಲು ಇಲ್ಲದೆ. ದೂರದ ಹತೋಟಿ ಕಲಿಸಲು ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ಆಮೇಲೆ ತಿರುಗಿಸಿ ಆಡಿ: ದೂರದಿಂದ ಶುರು ಮಾಡಿ ಹತ್ತಿರಕ್ಕೆ ಬನ್ನಿ. ಅದು ಜಾಸ್ತಿ ಕಷ್ಟ.

ಇನ್ನೊಂದು, 'ಹೇಳಿ ಹೊಡೆ'. ಅವಳು ಏನು ಹೊಡೆಯುತ್ತೇನೆ ಅಂತ ಮೊದಲೇ ಹೇಳಬೇಕು. "ಆ ಮರದ ಹತ್ತಿರದಿಂದ, 7 ನಂಬರ್‌ನಲ್ಲಿ, ಹೋಲ್‌ನಿಂದ ಒಂದು ಕ್ಲಬ್ ಉದ್ದದೊಳಗೆ ನಿಲ್ಲಿಸ್ತೀನಿ ಅಪ್ಪ." ಅವಳು ಹೇಳಿದ್ದನ್ನು ಮಾಡಿದರೆ ನೀವೂ ಅದನ್ನೇ ಮಾಡಿ ತೋರಿಸಬೇಕು. ಆಗಲಿಲ್ಲ ಅಂದರೆ ನಿಮ್ಮ ಹೆಸರಿಗೆ ಒಂದು ಗೀಟು. ಅವಳಿಗೇ ಆಗಲಿಲ್ಲ ಅಂದರೆ ಹೇಳುವ ಸರದಿ ನಿಮ್ಮದು. ಐದು ಗೀಟು ಬಿದ್ದವರು ಸೋತರು. ಅಪ್ಪನಿಗೆ ಕಷ್ಟ ಕೊಡಲು ಮಕ್ಕಳು ಹುಡುಕುವ ಜಾಗಗಳನ್ನು ನೋಡಬೇಕು! ಕೋರ್ಸ್‌ನಲ್ಲಿ ಬರುವ ಎಲ್ಲ ಕೆಟ್ಟ ಜಾಗಗಳೂ ಹೀಗೆ ಅಭ್ಯಾಸಕ್ಕೆ ಬಂದುಬಿಡುತ್ತವೆ, ಯಾರೂ ಪಟ್ಟಿ ಮಾಡಬೇಕಾಗಿಲ್ಲ.

ಬೇಕಂತಲೇ ಸೋಲಬೇಡಿ, ಅವಳಿಗೆ ಗೊತ್ತಾಗುತ್ತದೆ. ಅದರ ಬದಲು ಹ್ಯಾಂಡಿಕ್ಯಾಪ್, ಅಂದರೆ ಆಟದಲ್ಲಿ ಹಿಂದಿರುವವರಿಗೆ ರಿಯಾಯಿತಿ, ಕೊಡಿ, ಗಾಲ್ಫ್‌ನಲ್ಲಿ ಆ ಸೌಲಭ್ಯ ಇರುವುದೇ ಅದಕ್ಕೆ. ಅವಳಿಗೆ ಎರಡು ಕ್ಲಬ್ ಉದ್ದದೊಳಗೆ ಬಂದರೂ ಅಂಕ, ನಿಮಗೆ ಒಂದೇ ಕ್ಲಬ್ ಉದ್ದ. ಅವಳು ಸತತ ಮೂರು ಸಲ ಗೆದ್ದರೆ ಅವಳ ವೃತ್ತ ಸ್ವಲ್ಪ ಚಿಕ್ಕದಾಗಲಿ. ಪಂದ್ಯಕ್ಕೆ ಏನಾದರೂ ಇಡಿ. ಸೋತವರು ವಾಪಸ್ ಹೋಗುವಾಗ ಮಸಾಲೆ ದೋಸೆ ಕೊಡಿಸಲಿ, ಅಥವಾ ಬ್ಯಾಗ್ ಹೊರಲಿ. ಸಣ್ಣ ಪಣ ಇದ್ದರೂ ಕೈ ಸ್ವಲ್ಪ ನಡುಗುತ್ತದೆ. ಆ ನಡುಕವನ್ನೇ ನಾವು ಅಭ್ಯಾಸ ಮಾಡಬೇಕಾಗಿರುವುದು, ಬಕೆಟ್‌ನಲ್ಲಿ ಅದು ಸಿಗುವುದಿಲ್ಲ. ಕ್ಯಾಡಿಗಳು (ಆಟಗಾರರ ಬ್ಯಾಗ್ ಹೊರುವವರು) ಬಿಡುವಿನಲ್ಲಿ ಒಂದೇ ಕ್ಲಬ್ ಇಟ್ಟುಕೊಂಡು, ಒಂದು ಲೋಟ ಚಹಾಕ್ಕೆ ಪಂದ್ಯ ಕಟ್ಟಿ ಆಡುವುದನ್ನು ಒಮ್ಮೆ ನಿಂತು ನೋಡಿ. ಅವರ ಕೈ ಚುರುಕಾಗಿರುವುದು ಸುಮ್ಮನೆ ಅಲ್ಲ.

ಒಂದೇ ಕ್ಲಬ್ ಅಂದೆನಲ್ಲ, ಸ್ಪೇನ್‌ನ ಹೆಸರಾಂತ ಗಾಲ್ಫರ್ ಸೆವೆ ಬಲ್ಲೆಸ್ಟರೋಸ್ ಚಿಕ್ಕಂದಿನಲ್ಲಿ ತಮ್ಮೂರು ಪೆದ್ರೆನ್ಯಾದ ಸಮುದ್ರ ತೀರದಲ್ಲಿ ಒಂದು 3 ನಂಬರ್ ಐರನ್ ಹಿಡಿದು ಎಲ್ಲ ಹೊಡೆತಗಳನ್ನೂ ಕಲಿತರು. 3 ನಂಬರ್ ಐರನ್‌ನಲ್ಲಿ ಮರಳಿನಿಂದ ಬಾಲ್ ಎತ್ತುವುದು ಎಂಥ ಕಷ್ಟ ಅಂತ ಪ್ರಯತ್ನಿಸಿದವರಿಗೇ ಗೊತ್ತು. ಅಷ್ಟು ದೂರ ಹೋಗುವುದು ಬೇಡ. ತಿಂಗಳಿಗೊಮ್ಮೆ ಪಾರ್ 18 ಅನ್ನು ಬರೀ 8 ನಂಬರ್‌ನಲ್ಲಿ ಆಡಿ. ಮುಖ ತೆರೆದು, ಮುಚ್ಚಿ, ಬಾಲ್ ಹಿಂದೆ ಮುಂದೆ ಇಟ್ಟು ಹೇಗೋ ದಾರಿ ಹುಡುಕಬೇಕಾಗುತ್ತದೆ. ಸ್ಕೋರ್ ಕೆಡುತ್ತದೆ, ಕೆಡಲಿ.

ಒಬ್ಬರೇ ಇದ್ದಾಗ 'ಕೆಟ್ಟ ಬಾಲ್' ಆಟವೂ ಇದೆ. ಎರಡು ಬಾಲ್ ಚಿಪ್ ಮಾಡಿ, ಎರಡರಲ್ಲಿ ಕೆಟ್ಟದ್ದನ್ನು ಆರಿಸಿ, ಅಲ್ಲಿಂದ ಮತ್ತೆ ಎರಡು ಪಟ್ ಮಾಡಿ. ಎರಡೂ ಬಿದ್ದರೆ ಮಾತ್ರ ಪಾರ್. ಇದು ತುಂಬ ಕಠಿಣ. ಹದಿನೈದು ದಿನಕ್ಕೊಮ್ಮೆ ಸಾಕು, ಮಗಳಿಗೆ ಬೇಡವೇ ಬೇಡ. ಹಾಗೆಯೇ ಒಂದು ಎಚ್ಚರಿಕೆ: ಹೊಡೆಯುವ ಗಳಿಗೆಯಲ್ಲಿ ಮಣಿಕಟ್ಟು ತಾನಾಗಿ ಜಗ್ಗುತ್ತಿದೆ, ಬಾಲ್ ಇಲ್ಲದಿದ್ದಾಗ ಸರಿಯಾಗಿ ಬರುತ್ತದೆ, ಬಾಲ್ ಇಟ್ಟ ತಕ್ಷಣ ಜಗ್ಗುತ್ತದೆ ಅಂತಾದರೆ ಅದು ಬೇರೆ ಸಮಸ್ಯೆ. ಅಂಕದ ಆಟ ಅದನ್ನು ಹೆಚ್ಚಿಸಬಹುದು. ಆಗ ಆಟ ನಿಲ್ಲಿಸಿ, ಒಬ್ಬ ಕೋಚ್ ಎದುರು ನಿಂತು ಹೊಡೆಯಿರಿ.

ಪ್ರಾಕ್ಟೀಸ್ ಗ್ರೀನ್ ವಿಷಯ. ಎಲ್ಲ ಗಾಲ್ಫ್ ಕ್ಲಬ್‌ಗಳಲ್ಲೂ ಪಟ್ಟಿಂಗ್ ಗ್ರೀನ್‌ಗೆ ಚಿಪ್ ಮಾಡಲು ಬಿಡುವುದಿಲ್ಲ, ಚಿಪ್ಪಿಂಗ್‌ಗೆ ಬೇರೆ ಗ್ರೀನ್ ಇರುತ್ತದೆ. ಕೇಳಿಕೊಂಡು ಶುರು ಮಾಡಿ, ಬಾಲ್ ಬಿದ್ದ ಗುಳಿಗಳನ್ನು ಸರಿಮಾಡಿ ಬನ್ನಿ. ನಮ್ಮ ಕಡೆ ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ಬರ್ಮುಡಾ ಜಾತಿಯ ಹುಲ್ಲು ಇರುತ್ತದೆ. ಅದು ಒಂದು ದಿಕ್ಕಿಗೆ ಮಲಗಿ ಬೆಳೆಯುತ್ತದೆ. ಗ್ರೀನ್ ಹೊಳೆಯುತ್ತಾ ಕಂಡರೆ ಹುಲ್ಲು ನಿಮ್ಮಿಂದ ಆಚೆಗೆ ಮಲಗಿದೆ, ಬಾಲ್ ಓಡುತ್ತದೆ. ಮಬ್ಬಾಗಿ ಕಂಡರೆ ನಿಮ್ಮ ಕಡೆಗೆ ಮಲಗಿದೆ, ಬೇಗ ನಿಲ್ಲುತ್ತದೆ. ಬಾಲ್ ಇರುವ ಕಡೆಯೂ ಹುಲ್ಲು ನಿಮ್ಮತ್ತ ಮಲಗಿದ್ದರೆ ವೆಜ್‌ನ ಮುಂದಿನ ಅಂಚು ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿ ನಾನಾದರೆ 8 ನಂಬರ್ ಹಿಡಿದು ಪಟ್ ಮಾಡಿದ ಹಾಗೆ ತಳ್ಳುತ್ತೇನೆ. ಪಾರ್ 18ರ ಒಂಬತ್ತು ಜಾಗದಲ್ಲಿ ಇಂಥದ್ದು ಒಂದಾದರೂ ಇರಲಿ.

ಇನ್ನೊಂದು ಅವಕಾಶ ಬಹಳ ಜನರಿಗೆ ಗೊತ್ತಿಲ್ಲ. ಒಂದು ಹೋಲ್ ಮುಗಿಸಿದ ಮೇಲೆ, ಮುಂದಿನದು ಶುರುವಾಗುವ ಮೊದಲು, ಆಗಷ್ಟೇ ಮುಗಿಸಿದ ಗ್ರೀನ್ ಮೇಲೆ ಅಥವಾ ಅದರ ಹತ್ತಿರ ಒಂದು ಚಿಪ್ ಅಥವಾ ಪಟ್ ಅಭ್ಯಾಸ ಮಾಡಲು ಗಾಲ್ಫ್ ನಿಯಮ ಬಿಡುತ್ತದೆ. ನಿಯಮ 5.5ಬಿ ಓದಿ. ಸ್ಪರ್ಧೆಯ ಸಮಿತಿ ಬೇಡ ಅಂದಿದ್ದರೆ ಬೇಡ. ಹಿಂದಿನವರನ್ನು ಕಾಯಿಸಲೂಬಾರದು. ಭಾನುವಾರ ಮಧ್ಯಾಹ್ನ ಕೋರ್ಸ್ ಖಾಲಿ ಇದ್ದರೆ ಒಂದೆರಡು ಸಲ ಮಾಡಿ.

ಮನೆಯಲ್ಲಿ ಏನು ಮಾಡಬಹುದು? ನಿಜವಾದ ಬಾಲ್ ಬೇಡ, ಟಿವಿಗೂ ಒಳ್ಳೆಯದಲ್ಲ, ಪಕ್ಕದ ಮನೆಯವರಿಗೂ. ಸ್ಪಂಜಿನದೋ ತೂತಿರುವ ಪ್ಲಾಸ್ಟಿಕ್‌ನದೋ ಬಾಲ್ ಸಿಗುತ್ತದೆ. ಕಾಲೊರೆಸುವ ಮ್ಯಾಟ್ ಮೇಲೆ ಇಟ್ಟು ಹಾಲ್‌ನಲ್ಲಿ ಟವೆಲ್‌ಗೋ ಪ್ಲಾಸ್ಟಿಕ್ ಟಬ್‌ಗೋ ಬೀಳಿಸಿ. ಮ್ಯಾಟ್ ಒಂದು ಸುಳ್ಳು ಹೇಳುತ್ತದೆ, ಅದನ್ನು ತಿಳಿದುಕೊಂಡಿರಿ. ಬಾಲ್‌ಗಿಂತ ಹಿಂದೆ ನೆಲ ಮುಟ್ಟಿದರೂ ಕ್ಲಬ್ ಜಾರಿಕೊಂಡು ಹೋಗಿ ಬಾಲ್ ಹಾರುತ್ತದೆ. ಹುಲ್ಲಿನ ಮೇಲೆ ಅದು ಫ್ಯಾಟ್ ಆಗುತ್ತಿತ್ತು. ಹಾಗಾಗಿ ಮನೆಯಲ್ಲಿ ಬೀಳಿಸುವ ಜಾಗದ ಅಭ್ಯಾಸ ಮಾತ್ರ ಇಟ್ಟುಕೊಳ್ಳಿ, ನೆಲ ಸವರುವ ಅಭ್ಯಾಸಕ್ಕೆ ರಂಗೋಲಿ ಗೆರೆಯೇ ಸರಿ. ಟಬ್, ಟವೆಲ್, ತಲೆಕೆಳಗಾದ ಕೊಡೆ ಮೂರನ್ನೂ ಮೂರು ದೂರದಲ್ಲಿ ಇಟ್ಟು, ಮಗಳು ಕೂಗಿದ್ದಕ್ಕೆ ಹೊಡೆಯಿರಿ. "ಕೊಡೆ!" "ಟಬ್!" ಊಟಕ್ಕೆ ಕರೆಯುವವರೆಗೆ ಹತ್ತು ನಿಮಿಷ ಸಾಕು.

ಶನಿವಾರದ ಸಮಯ ಹೀಗೆ ಹಂಚಿಕೊಳ್ಳಿ. ಮೊದಲ ಹತ್ತು ನಿಮಿಷ ಟವೆಲ್. ಆಮೇಲೆ ಒಂದು ಪಾರ್ 18, ಅವಸರ ಮಾಡದೆ, ಪ್ರತಿ ಹೊಡೆತಕ್ಕೂ ಕೋರ್ಸ್‌ನಲ್ಲಿ ಮಾಡುವ ಹಾಗೆ ಗ್ರೀನ್ ನೋಡಿ ಕ್ಲಬ್ ಆರಿಸಿ. ಉಳಿದದ್ದು ಮಗಳು ಹೇಳಿದ ಆಟ. ಚೀಟಿಗಳನ್ನು ಎಸೆಯಬೇಡಿ, ತಾರೀಕು ಹಾಕಿ ಬ್ಯಾಗ್‌ನಲ್ಲೇ ಇಡಿ. ಒಂದು ವಾರದ ಅಂಕ ಏನೂ ಹೇಳುವುದಿಲ್ಲ. ನಾಲ್ಕು ವಾರದ ಸರಾಸರಿ ಹೇಳುತ್ತದೆ.

60 ಡಿಗ್ರಿ ವೆಜ್ ಈಗ ಬೇಡ. ಓರೆ ಜಾಸ್ತಿ ಆದಷ್ಟೂ ಅದೇ ದೂರಕ್ಕೆ ದೊಡ್ಡ ಹೊಡೆತ ಬೇಕು, ತಪ್ಪಾದಾಗ ನಷ್ಟವೂ ದೊಡ್ಡದು. ಬ್ಯಾಗ್‌ನಲ್ಲಿ 14 ಕ್ಲಬ್‌ಗಷ್ಟೇ ಜಾಗ, ಅದಕ್ಕಾಗಿ ಒಂದನ್ನು ಕೈಬಿಡಬೇಕಾಗಲೂಬಹುದು. ನಿಮ್ಮ 56 ಡಿಗ್ರಿ ಸ್ಯಾಂಡ್ ವೆಜ್‌ನ ತಳದಲ್ಲಿ 10ರಿಂದ 14 ಡಿಗ್ರಿ ಬೌನ್ಸ್ (ನೆಲಕ್ಕೆ ಹೊಕ್ಕದೆ ಜಾರಲೆಂದು ತಳಕ್ಕೆ ಕೊಟ್ಟ ಓರೆ) ಇದ್ದರೆ ಮಳೆಗಾಲದ ಮೆತ್ತನೆ ನೆಲಕ್ಕೆ ಅದೇ ಸರಿಯಾದ ಸಾಮಾನು. ಪಾರ್ 18ರಲ್ಲಿ ತಿಂಗಳ ಸರಾಸರಿ 22ಕ್ಕೆ ಇಳಿದ ಮೇಲೆ ಚೀಟಿಗಳನ್ನು ಹರಡಿ ನೋಡಿ. ನಡುವೆ ಬಂಕರ್, ಹೋಲ್ ಹತ್ತಿರ, ಅಂಥ ಜಾಗಗಳಲ್ಲೇ ಪದೇ ಪದೇ ಹೊಡೆತ ಸೋರುತ್ತಿದ್ದರೆ, ಮತ್ತು ಅಲ್ಲಿ ಪಟ್‌ನದ್ದಲ್ಲ, ಚಿಪ್‌ನದ್ದೇ ತಪ್ಪು ಅಂತ ಎರಡನೇ ಸಾಲು ಹೇಳುತ್ತಿದ್ದರೆ, ಆಗ ಅಂಗಡಿಗೆ ಹೋಗಿ. ಕೊಳ್ಳುವ ಮೊದಲು ಯಾರದ್ದಾದರೂ 60 ಡಿಗ್ರಿ ಕೇಳಿ ತಂದು, ಅದರಲ್ಲೇ ಎರಡು ಪಾರ್ 18 ಆಡಿ, ಸ್ಕೋರ್ ಪಕ್ಕಪಕ್ಕ ಇಟ್ಟು ನೋಡಿ.